‘ಇಂಪಿಷ್’ ಶಬ್ದದ ಅರ್ಥ ಮತ್ತು ಮೂಲ

ಆಂಗ್ಲ ಕಥೆ ಕಾದಂಬರಿಗಳನ್ನು ಓದುವವರಿಗೆ ‘ಇಂಪಿಷ್’ ಎಂಬ ವಿಶೇಷಣವು ಅಪರಿಚಿತವಲ್ಲ. ಹುಡುಗನ ಕಣ್ಣಿನಲ್ಲಿಯೋ ಮುದುಕನ ನಗೆಯಲ್ಲಿಯೋ ಮಿನುಗುವ, ಯಾರಿಗೂ ಕೇಡು ಬಯಸದ ಕೀಟಲೆಯ ಬುದ್ಧಿಯನ್ನು ಅದು ಸೂಚಿಸುತ್ತದೆ. ಕನ್ನಡಿಸುವಾಗ ಇದನ್ನು ‘ಪೈಶಾಚಿಕ’ವೆಂದು ಬರೆದರೆ ಮೂಲದ ನಗೆಯೇ ಸತ್ತುಹೋಗುತ್ತದೆ. ಆದರೆ ಆ ತಪ್ಪಿಗೆ ಆಸ್ಪದ ಕೊಡುವುದು ಶಬ್ದದ ಚರಿತ್ರೆಯೇ.

ಇದರ ಪ್ರಕೃತಿ ‘ಇಂಪ್’. (ನಮ್ಮ ‘ಇಂಪು’ ಇದಕ್ಕೆ ಸದ್ದಿನಲ್ಲಿ ಮಾತ್ರ ನಂಟ.) ಪ್ರಾಚೀನ ಇಂಗ್ಲಿಷಿನಲ್ಲಿ ಇದು ತೋಟಗಾರರ ಮಾತು, ಎಳೆಯ ಚಿಗುರು, ಕಸಿಯ ಕುಡಿ ಎಂದರ್ಥ. ಲ್ಯಾಟಿನ್ನಿನ ಮೂಲಕ ಬಂದ ಇದರ ಬೇರು ಗ್ರೀಕಿನ ‘ಎಂಫುಟೋಸ್’, ಎಂದರೆ ಒಳಗೆ ನೆಟ್ಟದ್ದು. ಅದರಲ್ಲಿರುವ ಧಾತುವು ಸಂಸ್ಕೃತದ ‘ಭೂ’ ಧಾತುವಿಗೆ ಸೋದರ. ಇದೇ ಮೂಲದ ‘ಇಂಪ್‌ಫೆನ್’ ಎಂಬ ಕ್ರಿಯಾಪದವನ್ನು ಜರ್ಮನರು ಲಸಿಕೆ ಹಾಕುವುದಕ್ಕೆ ಬಳಸುತ್ತಾರೆ.

ಗಿಡದ ಕುಡಿ ಮನೆತನದ ಕುಡಿಯಾದದ್ದನ್ನು ‘ವಂಶದ ಕುಡಿ’ ಎನ್ನುವ ನಮಗೆ ವಿವರಿಸಬೇಕಾಗಿಲ್ಲ. ಷೇಕ್ಸ್‌ಪಿಯರನ ಪಿಸ್ಟಲ್ ಐದನೆಯ ಹೆನ್ರಿಯನ್ನು ಹೊಗಳುವುದು ಈ ಮಾತಿನಿಂದಲೇ. ವಾರಿಕ್ ಪಟ್ಟಣದ ಸೇಂಟ್ ಮೇರಿ ಚರ್ಚಿನಲ್ಲಿ ಲೆಸ್ಟರ್ ಪ್ರಭುವಿನ ಎಳೆಯ ಮಗನ ಸಮಾಧಿಯಿದೆ. 1584ರಲ್ಲಿ ತೀರಿಕೊಂಡ ಆ ಮಗುವನ್ನು ಅಲ್ಲಿಯ ಬರಹವು ಕುಲೀನ ‘ಇಂಪ್’ ಎಂದು ಕರೆಯುತ್ತದೆ. ಕೆತ್ತಿಸಿದವರ ಮನಸ್ಸಿನಲ್ಲಿ ಮರಿಪಿಶಾಚಿ ಇದ್ದಿರಲಾರದು.

ದುರ್ದೈವದಿಂದ ಅದೇ ಶತಮಾನದಲ್ಲಿ ದುರ್ಜನರನ್ನು ‘ಸೈತಾನನ ಇಂಪ್’, ‘ನರಕದ ಇಂಪ್’ ಎಂದು ಬಯ್ಯುವ ರೂಢಿ ಬೆಳೆಯಿತು. ಬರಬರುತ್ತ ಸೈತಾನನ ಹೆಸರು ಉದುರಿತು. ಅವನ ಮಸಿ ಉಳಿಯಿತು. ಭಾಷಾಶಾಸ್ತ್ರಜ್ಞರು ಹೀನಾರ್ಥಪ್ರಾಪ್ತಿಯೆನ್ನುವುದು ಇದನ್ನೇ.

ಈ ಹೀನಾರ್ಥವು ನಿಘಂಟಿನೊಳಗೇ ನಿಲ್ಲಲಿಲ್ಲ. ಮಾಟಗಾತಿಯರು ರಕ್ತವೂಡಿಸಿ ಸಾಕುವರೆಂದು ಜನ ನಂಬಿದ್ದ ಕಿರುಭೂತಗಳಿಗೂ ಇದೇ ಹೆಸರಾಯಿತು. ಬೆಕ್ಕು, ನಾಯಿ, ಮೊಲ, ಯಾವುದಾದರೂ ‘ಇಂಪ್’ ಆಗಬಹುದಿತ್ತು. ಮ್ಯಾಥ್ಯೂ ಹಾಪ್‌ಕಿನ್ಸ್ ಎಂಬಾತನು ಎಸೆಕ್ಸ್ ಪ್ರಾಂತದಲ್ಲಿ ಮಾಟಗಾತಿಯರ ಬೇಟೆಗಿಳಿದಾಗ, ಎಲಿಜಬೆತ್ ಕ್ಲಾರ್ಕ್ ಎಂಬ ಒಂಟಿಕಾಲಿನ ಮುದುಕಿಯನ್ನು ನಿದ್ರೆಗೊಡದೆ ರಾತ್ರಿಗಟ್ಟಲೆ ಕಾದು, ಅವಳ ಬಾಯಿಂದ ಇಂಪ್‌ಗಳ ಹೆಸರುಗಳನ್ನು ಹೊರಡಿಸಲಾಯಿತು: ‘ವಿನೆಗರ್ ಟಾಮ್’, ‘ಸ್ಯಾಕ್ ಅಂಡ್ ಶುಗರ್’ ಇತ್ಯಾದಿ. ಮಕ್ಕಳು ಮುದ್ದಿನ ಪ್ರಾಣಿಗಳಿಗೆ ಇಡುವಂತಹ ಹೆಸರುಗಳು! 1645ರಲ್ಲಿ ಅವಳನ್ನು ಗಲ್ಲಿಗೇರಿಸಿದರು.

ವಿಚಿತ್ರವೆಂದರೆ ‘ಇಂಪಿಷ್’ ಎಂಬ ರೂಪವೂ, ತುಂಟ ಮಗುವನ್ನು ‘ಇಂಪ್’ ಎಂದು ಗದರುವ ವಾಡಿಕೆಯೂ ಇದೇ 17ನೆಯ ಶತಮಾನದವು. ಮಾಟದ ಮೊಕದ್ದಮೆಗಳನ್ನು 1735ರ ಶಾಸನವು ಬ್ರಿಟನ್ನಿನಲ್ಲಿ ಕೊನೆಗಾಣಿಸಿತು. ಭಯವು ಕರಗಿದಂತೆ ಮುದ್ದಿನ ಬೈಗುಳವೇ ಮೇಲಾಯಿತೆಂದು ನನ್ನ ಊಹೆ. ನಮ್ಮ ತಾಯಂದಿರು ‘ಪೋಕರಿ’ ಎಂದು ಗದರಿ ಮಗುವಿನ ಕೆನ್ನೆ ಹಿಂಡುವುದಿಲ್ಲವೆ?

ಕನ್ನಡದಲ್ಲಿ ‘ತುಂಟ’ವೇ ಇದಕ್ಕೆ ಅತ್ಯಂತ ಸಮೀಪದ್ದು. ‘ಕುಚೋದ್ಯ’ದಲ್ಲಿ ಕೊಂಚ ಮುಳ್ಳಿದೆ. ‘ಕಿಡಿಗೇಡಿ’ಯೂ ಒಪ್ಪುತ್ತಿತ್ತು, ಆದರೆ ಕಲ್ಲೆಸೆಯುವವರನ್ನೂ ಬೆಂಕಿ ಹಚ್ಚುವವರನ್ನೂ ವೃತ್ತಪತ್ರಿಕೆಗಳು ಹಾಗೆ ಕರೆಯತೊಡಗಿದ ಮೇಲೆ ಆ ಶಬ್ದವು ಮಕ್ಕಳ ಕೈಬಿಟ್ಟುಹೋಗಿದೆ.