ಫೋಲ್ಡರ್ ಕಾಣಿಸುತ್ತೆ, ಒಳಗೆ ಮಾತ್ರ ಬಿಡಲ್ಲ!

ಮದುವೆ ಫೋಟೊ, ಮಗುವಿನ ವಿಡಿಯೊ, ಅಪ್ಪನ ಆಸ್ತಿಪತ್ರದ ಸ್ಕ್ಯಾನ್, ಎಲ್ಲವನ್ನೂ ರೂಟರ್ ಪಕ್ಕದ ಪುಟ್ಟ ಪೆಟ್ಟಿಗೆಯಲ್ಲಿ ತುಂಬಿಡೋ ಮನೆಗಳು ಈಗ ಕಮ್ಮಿಯಿಲ್ಲ. ಅದೇ ನ್ಯಾಸ್, ಅಂದ್ರೆ ಮನೆಮಂದಿಯೆಲ್ಲ ವೈಫೈ ಮೂಲಕ ಬಳಸುವ ಹಾರ್ಡ್ ಡಿಸ್ಕ್. ನಿನ್ನೆವರೆಗೂ ತೆರೆಯುತ್ತಿದ್ದ ಫೋಲ್ಡರ್ ಇವತ್ತು ‘ಆ್ಯಕ್ಸೆಸ್ ಡಿನೈಡ್’ ಅಂದ್ರೆ ಎದೆ ಧಸಕ್ ಅನ್ನೋದು ಸಹಜ. ಗಾಬರಿ ಬೇಡ. ಫೈಲ್‌ಗಳು ಹೋಗಿವೆ ಅಂತ ಇದರ ಅರ್ಥ ಅಲ್ಲ.

ಮೊದಲು ಮೆಸೇಜನ್ನು ಸರಿಯಾಗಿ ಓದಿ. ‘ನೆಟ್‌ವರ್ಕ್ ಪಾತ್ ಸಿಗಲಿಲ್ಲ’ ಅಂತಿದ್ರೆ ನಿಮ್ಮ ಲ್ಯಾಪ್‌ಟಾಪ್ ಪೆಟ್ಟಿಗೆಯವರೆಗೂ ಹೋಗಿಯೇ ಇಲ್ಲ. ವೈಫೈ, ಕೇಬಲ್ ನೋಡಿ. ‘ಡಿನೈಡ್’ ಅಂತಿದ್ರೆ ಬಾಗಿಲವರೆಗೆ ಹೋಗಿದ್ದೀರಿ, ಕಾವಲುಗಾರ ಒಳಗೆ ಬಿಡ್ತಿಲ್ಲ. ಆಗ ರೂಟರ್ ಎಷ್ಟು ಸಲ ಆಫ್-ಆನ್ ಮಾಡಿದರೂ ಉಪಯೋಗವಿಲ್ಲ.

ತಪ್ಪು ಎಲ್ಲಿದೆ ಅಂತ ಪತ್ತೆ ಹಚ್ಚೋಕೆ ನಿಮ್ಮ ಫೋನೇ ಸಾಕು. ಐಫೋನ್‌ನ ಫೈಲ್ಸ್ ಆ್ಯಪ್‌ನಲ್ಲಿ ಸರ್ವರ್‌ಗೆ ಕನೆಕ್ಟ್ ಆಗುವ ಆಯ್ಕೆ ಇದೆ. ಆ್ಯಂಡ್ರಾಯ್ಡ್‌ನಲ್ಲಿ ಎಸ್‌ಎಂಬಿ ಬೆಂಬಲವಿರುವ ಫೈಲ್ ಮ್ಯಾನೇಜರ್ ಬೇಕು. ಅದೇ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಫೋಲ್ಡರ್ ತೆರೆಯಿರಿ.

ಫೋನ್‌ನಲ್ಲಿ ತೆರೆದರೆ

ತೊಂದರೆ ಲ್ಯಾಪ್‌ಟಾಪ್‌ನದ್ದು. ನ್ಯಾಸ್‌ನ ಪಾಸ್‌ವರ್ಡ್ ಬದಲಾಗಿದ್ರೂ ವಿಂಡೋಸ್ ಹಳೆಯದನ್ನೇ ನೆನಪಿಟ್ಟುಕೊಂಡು ಕಳಿಸ್ತಿರಬಹುದು. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ಗೆ ಹೋಗಿ, ನ್ಯಾಸ್ ಹೆಸರಿನ ಹಳೇ ನಮೂದು ಅಳಿಸಿ, ಸೈನ್ ಔಟ್ ಆಗಿ ಮತ್ತೆ ಬನ್ನಿ. ಲ್ಯಾಪ್‌ಟಾಪ್ ತೆರೆಯೋ ಪಿನ್ ಇಲ್ಲಿ ನಡೆಯಲ್ಲ. ನ್ಯಾಸ್‌ನಲ್ಲಿ ನಿಮಗೆ ಮಾಡಿಕೊಟ್ಟಿರುವ ಯೂಸರ್‌ನೇಮ್, ಪಾಸ್‌ವರ್ಡೇ ಬೇಕು. ಇನ್ನೊಂದು ವಿಷಯ: ಒಂದೇ ನ್ಯಾಸ್‌ಗೆ ಏಕಕಾಲಕ್ಕೆ ಎರಡು ಬೇರೆ ಹೆಸರಲ್ಲಿ ಹೋಗೋದನ್ನು ವಿಂಡೋಸ್ ಒಪ್ಪಲ್ಲ. ಹೆಂಡತಿ ಹೆಸರಲ್ಲಿ ಡ್ರೈವ್ ಜೋಡಿಸಿದ್ದರೆ ಮೊದಲು ಅದನ್ನು ಡಿಸ್ಕನೆಕ್ಟ್ ಮಾಡಿ.

ಫೋನ್‌ನಲ್ಲೂ ತೆರೆಯದಿದ್ರೆ

ನ್ಯಾಸ್‌ನ ಸೆಟ್ಟಿಂಗ್ಸ್ ನೋಡಬೇಕು. ಇಲ್ಲಿ ಎರಡು ಬಾಗಿಲು. ಒಂದು ಶೇರ್ ಮಾಡಿದ ಫೋಲ್ಡರ್‌ನ ಅನುಮತಿ, ಇನ್ನೊಂದು ಅದರೊಳಗಿನ ಫೈಲ್‌ಗಳ ಅನುಮತಿ. ಎರಡೂ ಕಡೆ ‘ಹೂಂ’ ಅಂದ್ರೆ ಮಾತ್ರ ಪ್ರವೇಶ. ಗುಂಪುಗಳನ್ನೂ ನೋಡಿ. ಸಿನಾಲಜಿ ನ್ಯಾಸ್‌ನಲ್ಲಿ ನಿಮ್ಮ ಹೆಸರಿಗೆ ಓದು-ಬರಹದ ಹಕ್ಕಿದ್ದರೂ, ನೀವಿರುವ ಗುಂಪಿಗೆ ‘ನೋ ಆ್ಯಕ್ಸೆಸ್’ ಅಂತಿದ್ರೆ ಗೆಲ್ಲೋದು ಆ ‘ನೋ’.

ಅಪ್‌ಡೇಟ್ ಆದ್ಮೇಲೆ ನಿಂತುಹೋಯ್ತಾ?

2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊನಲ್ಲಿ, ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶ ಮೊದಲಿಂದಲೇ ಬಂದ್ ಆಗಿರುತ್ತೆ. ಮನೆಯವರೆಲ್ಲ ಗೆಸ್ಟ್ ಆಗಿಯೇ ಓಡಾಡುತ್ತಿದ್ದರೆ ಏಟು ಬೀಳೋದು ಇಲ್ಲೇ.

ಇಂಥ ಹೊತ್ತಲ್ಲಿ ಯಾರೋ ಎರಡು ಸುಲಭ ಉಪಾಯ ಹೇಳ್ತಾರೆ: ‘ಎವ್ರಿವನ್‌ಗೆ ಫುಲ್ ಕಂಟ್ರೋಲ್ ಕೊಟ್ಬಿಡಿ’, ‘ಹಳೇ ಎಸ್‌ಎಂಬಿ 1 ಆನ್ ಮಾಡ್ಬಿಡಿ’. ದಯವಿಟ್ಟು ಬೇಡ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನೋ ರಾನ್ಸಮ್‌ವೇರ್ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳಿತ್ತು. ಅದು ನುಸುಳಿದ್ದು ವಿಂಡೋಸ್‌ನ ಎಸ್‌ಎಂಬಿ 1ರ ದೋಷದ ಮೂಲಕವೇ. ಇನ್ನು ಎಲ್ಲರಿಗೂ ಪೂರ್ತಿ ಹಕ್ಕು ಕೊಟ್ಟ ಮನೆಯಲ್ಲಿ ಒಂದು ಲ್ಯಾಪ್‌ಟಾಪ್‌ಗೆ ರಾನ್ಸಮ್‌ವೇರ್ ಹೊಕ್ಕರೂ ಸಾಕು, ಮದುವೆ ಆಲ್ಬಮ್‌ಗೂ ಬೀಗ ಬೀಳಬಹುದು.

ಅದರ ಬದಲು ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಯೂಸರ್ ಮಾಡಿ. ಹಳೇ ಫೋಟೊಗಳಿಗೆ ಎಲ್ಲರಿಗೂ ಓದುವ ಹಕ್ಕಷ್ಟೇ ಇರಲಿ. ಹೊಸದನ್ನು ಸೇರಿಸೋಕೆ ಬೇರೆ ಫೋಲ್ಡರ್ ಇಡಿ. ಆಸ್ತಿಪತ್ರ ಯಾರು ನೋಡಬೇಕೋ ಅವರಿಗೆ ಮಾತ್ರ. ಹತ್ತು ನಿಮಿಷದ ಕೆಲಸ, ಈ ಭಾನುವಾರವೇ ಮುಗಿಸಿಬಿಡಿ.