ಒಂದಿಂಚಿನ ಹತ್ತಿ ಎಳೆ, ಮೀಟರ್‌ಗಟ್ಟಲೆ ನೂಲು: ನಿಮ್ಮ ಟೀ ಶರ್ಟ್ ಬಿಚ್ಚಿಕೊಳ್ಳಲ್ಲ ಯಾಕೆ?

ಇವತ್ತಿನ ವಿಷಯಕ್ಕೆ ಹೋಗೋ ಮುಂಚೆ ಒಂದು ಸಣ್ಣ ಪ್ರಯೋಗ ಮಾಡೋಣ. ಮನೇಲಿ ದೀಪದ ಬತ್ತಿಗೆ ಅಂತ ಹತ್ತಿ ಇಟ್ಟಿದ್ರೆ ಒಂದು ಚೂರು ತಗೊಳ್ಳಿ. ಎರಡೂ ತುದಿ ಹಿಡಿದು ಎಳೀರಿ. ಸದ್ದಿಲ್ಲದೆ ಬಿಟ್ಟುಕೊಳ್ಳುತ್ತೆ. ಈಗ ಇನ್ನೊಂದು ಚೂರನ್ನು ಬತ್ತಿ ಥರ ಚೆನ್ನಾಗಿ ಹೊಸೆದು ಎಳೀರಿ. ಅಷ್ಟು ಸುಲಭಕ್ಕೆ ಬರಲ್ಲ. ಅಂಟು ಹಾಕಿಲ್ಲ, ಗಂಟು ಹಾಕಿಲ್ಲ, ಹೊಸೆದಿದ್ದು ಮಾತ್ರ. ಹಾಗಾದ್ರೆ ಈ ಗಟ್ಟಿತನ ಎಲ್ಲಿಂದ ಬಂತು?

ಈ ಪ್ರಶ್ನೆ ಹಳೇದು. 1638ರಲ್ಲಿ ಪ್ರಕಟವಾದ ‘ಎರಡು ಹೊಸ ವಿಜ್ಞಾನಗಳು’ ಪುಸ್ತಕದಲ್ಲೇ ಗೆಲಿಲಿಯೋ ಇದನ್ನು ಎತ್ತಿದ್ದರು. ಎರಡು ಮೂರು ಮೊಳ ಉದ್ದದ ನಾರುಗಳಿಂದ ನೂರು ಮೊಳದ ಹಗ್ಗ ಆಗುತ್ತೆ, ಅದು ಅಷ್ಟೊಂದು ಗಟ್ಟಿ ಹೇಗೆ? ಹೊಸೆದಾಗ ನಾರುಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ ಅನ್ನೋದು ಅವರು ಕೊಟ್ಟ ಉತ್ತರದ ಸಾರ. ಒದ್ದೆ ಬೆಡ್‌ಶೀಟ್ ಹಿಂಡೋದನ್ನ ನೆನಪಿಸಿಕೊಳ್ಳಿ. ನಾವು ತಿರುಚೋದು ಎರಡು ತುದಿಗಳನ್ನ, ಒತ್ತಡ ಬೀಳೋದು ಒಳಗೆ. ಅದಕ್ಕೇ ನೀರು ಹೊರಗೆ ಬರುತ್ತೆ. ನೂಲಿನಲ್ಲೂ ಇದೇ ಆಗೋದು. ಎಳೆದಷ್ಟೂ ಎಳೆಗಳು ಇನ್ನಷ್ಟು ಬಿಗಿಯಾಗುತ್ತವೆ, ಘರ್ಷಣೆ ಹೆಚ್ಚುತ್ತೆ.

ಆದರೆ ಎಷ್ಟು ಘರ್ಷಣೆ ಸಾಕು? ಇಲ್ಲಿ ಲೆಕ್ಕ ಜಟಿಲವಾಗುತ್ತೆ. ಹತ್ತಿಯ ಒಂದು ಎಳೆ ಸಾಮಾನ್ಯವಾಗಿ 25ರಿಂದ 30 ಮಿಲಿಮೀಟರ್ ಉದ್ದ. ಶರ್ಟ್ ನೂಲನ್ನು ಎಲ್ಲಿ ಅಡ್ಡಡ್ಡ ಕತ್ತರಿಸಿದರೂ ನೂರರ ಆಸುಪಾಸು ಎಳೆಗಳು ಸಿಗಬಹುದು. ಒಂದೊಂದೂ ಬೇರೆ ಬೇರೆ ಜಾಗದಲ್ಲಿ ಶುರುವಾಗಿ, ಬೇರೆ ಬೇರೆ ಜಾಗದಲ್ಲಿ ಮುಗಿಯುತ್ತೆ. ಪಕ್ಕದ ಹತ್ತಾರು ಎಳೆಗಳಿಗೆ ತಾಗುತ್ತೆ. ಪೆನ್ನು ಪೇಪರ್ ಹಿಡಿದು ಇದನ್ನ ಲೆಕ್ಕ ಹಾಕೋದು ಯಾರಿಂದಾಗುತ್ತೆ?

ಕಂಪ್ಯೂಟರ್ ಮಾಡೆಲ್ ಬರೋದು ಇಲ್ಲೇ. 2018ರಲ್ಲಿ ಬ್ರಿಟನ್ನಿನ ಪ್ಯಾಟ್ರಿಕ್ ವಾರನ್, ರಾಬಿನ್ ಬಾಲ್ ಮತ್ತು ರೇ ಗೋಲ್ಡ್‌ಸ್ಟೀನ್ ಈ ಒಗಟನ್ನು ಮತ್ತೆ ಕೈಗೆತ್ತಿಕೊಂಡರು. (ಪೋನಿಟೇಲ್ ಆಕಾರದ ಲೆಕ್ಕಕ್ಕೆ 2012ರಲ್ಲಿ ಇಗ್ ನೊಬೆಲ್ ಹಂಚಿಕೊಂಡವರಲ್ಲಿ ಈ ಮೂವರೂ ಇದ್ದರು!) ಅವರು ಎಳೆಗಳನ್ನು ಅಡ್ಡಾದಿಡ್ಡಿ ಜೋಡಿಸಿ, ಒಂದು ಎಳೆ ಪಕ್ಕದ್ದಕ್ಕೆ ಎಷ್ಟು ಬಲ ದಾಟಿಸಬಹುದು ಅನ್ನೋದಕ್ಕೆ ಘರ್ಷಣೆಯ ಮಿತಿ ಹಾಕಿದರು. ಆಮೇಲೆ ಕಂಪ್ಯೂಟರ್‌ಗೆ ಕೇಳಿದ್ದು ಒಂದೇ ಪ್ರಶ್ನೆ: ಯಾವ ಎಳೆಯೂ ಜಾರದ ಹಾಗೆ ಈ ನೂಲು ಹೆಚ್ಚೆಂದರೆ ಎಷ್ಟು ಭಾರ ತಡೆಯುತ್ತೆ? ‘ಲೀನಿಯರ್ ಪ್ರೋಗ್ರಾಮಿಂಗ್’ ಅನ್ನೋ ಗಣಿತ ವಿಧಾನದಿಂದ ಉತ್ತರ ಹುಡುಕಿದರು.

ಬಂದ ಉತ್ತರ ಮಜವಾಗಿದೆ. ಗಟ್ಟಿತನ ಸುಮ್ಮನೆ ನಿಧಾನವಾಗಿ ಏರುತ್ತಾ ಹೋಗಲ್ಲ. ಒಂದು ಹೊಸ್ತಿಲು ಇದೆ. ಘರ್ಷಣೆ ಅದಕ್ಕಿಂತ ಕಡಿಮೆ ಇದ್ದರೆ ಎಳೆಗಳು ಜಾರಿ ನೂಲು ಬಿಟ್ಟುಕೊಳ್ಳುತ್ತೆ, ನಿಮ್ಮ ಹೊಸೆಯದ ಹತ್ತಿಯ ಥರ. ಹೊಸ್ತಿಲು ದಾಟಿತು ಅಂದ್ರೆ ಎಳೆಗಳೆಲ್ಲ ಸೇರಿ ಲಾಕ್ ಆಗಿಬಿಡುತ್ತವೆ. ಆಮೇಲೆ ಜಾರೋ ಮಾತೇ ಇಲ್ಲ, ಎಳೆಗಳೇ ತುಂಡಾಗಬೇಕು.

ಸರಿ, ಇದರಿಂದ ನಮಗೇನು? ನಿಮ್ಮ ಹಳೇ ಟೀ ಶರ್ಟನ್ನೇ ತಗೊಳ್ಳಿ. ಹರಿಯಾಣದ ಪಾಣಿಪತ್‌ನಂಥ ಕಡೆ ಹಳೇ ಬಟ್ಟೆಗಳನ್ನು ಯಂತ್ರದಲ್ಲಿ ಚಿಂದಿ ಮಾಡಿ ಮತ್ತೆ ನೂಲು ತೆಗೀತಾರೆ. ಆದರೆ ಚಿಂದಿ ಮಾಡುವಾಗ ಎಳೆಗಳು ತುಂಡಾಗಿ ಗಿಡ್ಡವಾಗುತ್ತವೆ. ಗಿಡ್ಡ ಎಳೆ ಪಕ್ಕದವನ್ನು ಹಿಡಿದುಕೊಳ್ಳೋ ಜಾಗಗಳೂ ಕಡಿಮೆ. ಅದಕ್ಕೇ ಸಾಮಾನ್ಯವಾಗಿ ಹೊಸ ಹತ್ತಿ ಅಥವಾ ಪಾಲಿಯೆಸ್ಟರ್ ಬೆರೆಸಬೇಕಾಗುತ್ತೆ. ಎಷ್ಟು ಬೆರೆಸಬೇಕು, ಎಷ್ಟು ತಿರುಚಬೇಕು? ಪ್ರತಿ ಸಲ ನೂಲು ತೆಗೆದು, ಎಳೆದು ನೋಡೋ ಬದಲು ಮಾಡೆಲ್ ದಾರಿ ತೋರಿಸಿದರೆ ಹತ್ತಿಯೂ ಉಳಿಯುತ್ತೆ, ದುಡ್ಡೂ ಉಳಿಯುತ್ತೆ.

ಹಾಗಂತ ಹೆಚ್ಚು ತಿರುಚಿದಷ್ಟೂ ಒಳ್ಳೇದು ಅಂದ್ಕೋಬೇಡಿ. ಅತಿಯಾದರೆ ಎಳೆಗಳು ಓರೆಯಾಗಿ, ನೇರ ಎಳೆತಕ್ಕೆ ಅವುಗಳ ಬಲ ಪೂರ್ತಿ ಸಿಗಲ್ಲ. ನೂಲು ಮತ್ತೆ ದುರ್ಬಲವಾಗುತ್ತೆ. ಜೊತೆಗೆ, ನಿಜವಾದ ನೂಲಿನ ದಪ್ಪ ಎಲ್ಲಾ ಕಡೆ ಒಂದೇ ಇರಲ್ಲ. ಹರಿಯೋದು ತೀರಾ ಸೊರಗಿದ ಜಾಗದಲ್ಲೇ. 1926ರಲ್ಲೇ ಇಂಗ್ಲೆಂಡಿನ ಎಫ್. ಟಿ. ಪಿಯರ್ಸ್ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು: ನೂಲು ಉದ್ದವಾದಷ್ಟೂ ಅಂಥ ಜಾಗ ಸಿಗೋ ಸಾಧ್ಯತೆ ಹೆಚ್ಚು. ಹಾಗಾಗಿ ಮಾಡೆಲ್ ಏನೇ ಹೇಳಲಿ, ಕೊನೆಗೆ ನೂಲನ್ನು ಎಳೆದು ನೋಡಲೇಬೇಕು.

ಮುಂದಿನ ಸಲ ವಾಷಿಂಗ್ ಮಷಿನ್‌ನ ಫಿಲ್ಟರ್ ಕ್ಲೀನ್ ಮಾಡುವಾಗ ಅಲ್ಲಿ ಕೂತಿರೋ ನಯವಾದ ಜುಂಗನ್ನ ಒಮ್ಮೆ ನೋಡಿ. ಹಿಡಿತ ತಪ್ಪಿ ಜಾರಿದ, ಸವೆದು ತುಂಡಾದ ಎಳೆಗಳವು. ಉಳಿದವು ಇನ್ನೂ ಒಂದನ್ನೊಂದು ಹಿಡ್ಕೊಂಡಿವೆ. ಅದಕ್ಕೇ ನಿಮ್ಮ ಶರ್ಟ್ ಇನ್ನೂ ಶರ್ಟ್ ಆಗೇ ಇದೆ.