ಟ್ರಿಗರ್‌ಗೆ ತಿರುಪು ಬಂದ ಕಥೆ

ಸೆಪ್ಟೆಂಬರ್ ಮೊದಲ ವಾರ ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲಿರುವ ಕೊಡಗಿನವರ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಕೈಲ್‌ಪೊಳ್ದ್‌ಗೆ ಊರಿಗೆ ಹೊರಟವರು. ನಾಟಿ ಮುಗಿದ ಮೇಲೆ ಬರುವ ಈ ಹಬ್ಬದಲ್ಲಿ ಕೋವಿಯನ್ನು ಒರೆಸಿ, ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ; ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಶಿಕಾರಿ ಕೋವಿಗೆ ಉಳಿದಿರುವ ಮರ್ಯಾದೆಯ ಕೆಲಸ ಇದು. ಕಾಯಿ ತಪ್ಪಿದರೆ ಬೈಗುಳ ಟ್ರಿಗರ್‌ಗೆ: ತೀರಾ ಬಿಗಿ!

ಬಿಗಿ ಇರುವುದಕ್ಕೆ ಕಾರಣವಿದೆ. ಬತ್ತಿ ಕೋವಿಯ ಕಾಲದಲ್ಲಿ ಟ್ರಿಗರ್‌ನ ಕೆಲಸ ಉರಿಯುವ ಬತ್ತಿಯನ್ನು ಮದ್ದಿನ ಮೇಲೆ ಇಳಿಸುವುದಷ್ಟೆ. ಚಕಮಕಿ ಕಲ್ಲು, ಆಮೇಲೆ ಕೇಪು ಬಂದಾಗ ಕುದುರೆ ಎಂಬ ಸುತ್ತಿಗೆ ಬಲವಾಗಿ ಬಡಿಯಬೇಕಾಯಿತು. ಅದಕ್ಕೆ ಗಟ್ಟಿ ಸ್ಪ್ರಿಂಗ್, ಆ ಸ್ಪ್ರಿಂಗನ್ನು ತಡೆದು ನಿಲ್ಲಿಸಲು ಸಿಯರ್ ಎಂಬ ಉಕ್ಕಿನ ತುಂಡು. ಎರಡು ಅಂಚುಗಳು ಒಂದನ್ನೊಂದು ಕಚ್ಚಿಕೊಂಡಿರುವ ಅಳತೆಯಲ್ಲೇ ಎಲ್ಲವೂ ಇದೆ. ಕಚ್ಚು ಹೆಚ್ಚಾದರೆ ಎಳೆಯುವಷ್ಟರಲ್ಲಿ ಗುರಿ ಅಲುಗುತ್ತದೆ. ಕಡಿಮೆಯಾದರೆ ಕೋವಿ ಕೈಜಾರಿ ಬಿದ್ದರೂ ಈಡು ಹಾರೀತು.

ಸೈನ್ಯದವರು ಇದಕ್ಕೊಂದು ಉಪಾಯ ಕಂಡುಕೊಂಡರು. ಲೀ-ಎನ್‌ಫೀಲ್ಡ್‌ನ ಟ್ರಿಗರ್ ಎರಡು ಹಂತದ್ದು: ಮೊದಲು ಸಲೀಸಾಗಿ ಹಿಂದೆ ಸರಿಯುತ್ತದೆ, ಒಂದು ಕಡೆ ತಡೆಯುತ್ತದೆ, ಅಲ್ಲಿಂದ ಸ್ವಲ್ಪ ಒತ್ತಿದರೆ ಗುಂಡು. ಆಳವಾದ ಕಚ್ಚಿನ ಬಹುಪಾಲು ಮೊದಲ ಹಂತದಲ್ಲೇ ಕಳೆದಿರುತ್ತದೆ. ಇಶಾಪುರದ ಕಾರ್ಖಾನೆ ನಾಗರಿಕರಿಗೆಂದು ಮಾಡಿದ .315 ರೈಫಲ್ಲಿಗೂ ಮೂಲ ಅದೇ. ಸೈನ್ಯದ .303 ತೋಟಾ ಅದರೊಳಗೆ ಕೂರಬಾರದೆಂಬ ಲೆಕ್ಕದಿಂದ ಆರಿಸಿದ ಅಳತೆ ಅದು.

ಅಮೆರಿಕದಲ್ಲಿ ಮಾಲೀಕನ ಕೈಗೇ ತಿರುಪು ಬಂತು. 1936ರ ವಿಂಚೆಸ್ಟರ್ ಮಾಡೆಲ್ 70ರಲ್ಲಿ ಎಳೆತದ ಭಾರವನ್ನು ಹೊಂದಿಸಬಹುದಿತ್ತು. 1948ರಲ್ಲಿ ರೆಮಿಂಗ್ಟನ್ ತಂದ, ಮೈಕ್ ವಾಕರ್ ವಿನ್ಯಾಸದ ಟ್ರಿಗರ್‌ನಲ್ಲಿ ಭಾರಕ್ಕೊಂದು, ಕಚ್ಚಿಗೊಂದು, ಗುಂಡು ಹಾರಿದ ಮೇಲಿನ ಸರಿತಕ್ಕೊಂದು ತಿರುಪು. ಹಗುರವಾದಷ್ಟೂ ಚೆಂದ ಎಂಬ ಚಪಲ ಅಲ್ಲಿಂದಲೇ ಹಬ್ಬಿತೆಂದು ನನ್ನ ಅನುಮಾನ. 2006ರಲ್ಲಿ ವಾಕರ್ ಟ್ರಿಗರ್ ಬದಲಿಗೆ ರೆಮಿಂಗ್ಟನ್ ತಂದ ಟ್ರಿಗರ್ 2014ರಲ್ಲಿ ವಾಪಸಾಯಿತು. ಜೋಡಿಸುವಾಗ ಅಂಟು ಹೆಚ್ಚಾಗಿ, ಎಳೆಯದೆಯೇ ಗುಂಡು ಹಾರುವ ಅಪಾಯವಿತ್ತು. 2006ಕ್ಕೂ ಮೊದಲೇ ಸ್ಯಾವೇಜ್ ಕಂಪನಿ ಟ್ರಿಗರ್‌ನೊಳಗೆ ತೆಳುವಾದ ಇನ್ನೊಂದು ಅಲಗು ಇಟ್ಟಿತು. ಬೆರಳು ಅದನ್ನು ಒತ್ತದೆ ಸಿಯರ್ ಜಾರಿದರೂ ತೋಟಾಗೆ ಬಡಿಯುವ ಪಿನ್ ಮುಂದೆ ಹೋಗದು. ಹಗುರ ಟ್ರಿಗರನ್ನು ನಂಬಬಹುದಾದದ್ದು ಇದರಿಂದ.

ನಮ್ಮಲ್ಲಿ ತಿರುಪುಳಿ ಹಿಡಿಯುವ ಮುನ್ನ ಕಾನೂನೂ ಇದೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ 2029ರವರೆಗೆ ವಿಸ್ತರಿಸಿದೆ, ನಿಜ. ಅದು ಕೋವಿ ಇಟ್ಟುಕೊಳ್ಳುವ ಮಾತು. ದುರಸ್ತಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪರವಾನಗಿಯೇ ಬೇಕು. ಅರದಿಂದ ಸಿಯರ್ ಉಜ್ಜಿದರಂತೂ ಉಕ್ಕಿನ ಗಟ್ಟಿ ಮೇಲ್ಪದರ ಹೋಗಿ ಅಂಚು ಬೇಗ ಸವೆಯುತ್ತದೆ.

ಬಲ್ಲ ರಿಪೇರಿಯವನು ಮೊದಲು ಬೋಲ್ಟ್ ತೆಗೆದು ನಳಿಗೆಯಲ್ಲಿ ಬೆಳಕು ನೋಡುತ್ತಾನೆ. ಟ್ರಿಗರ್‌ಗೆ ತಕ್ಕಡಿ ಸಿಕ್ಕಿಸಿ ಅಳೆದು, ಸುಮಾರು ಒಂದೂವರೆ ಕಿಲೋಗೆ ನಿಲ್ಲಿಸುತ್ತಾನೆ. ಬಳಿಕ ಖಾಲಿ ರೈಫಲ್ಲಿನ ಬೋಲ್ಟನ್ನು ರಭಸದಿಂದ ಮುಚ್ಚುತ್ತಾನೆ. ಹಿಡಿಯ ತುದಿಯನ್ನು ರಬ್ಬರ್ ಹಾಸಿಗೆ ಕುಟ್ಟುತ್ತಾನೆ. ಸೇಫ್ಟಿ ಹಾಕಿ ಟ್ರಿಗರ್ ಎಳೆದು, ಬಿಟ್ಟು, ಸೇಫ್ಟಿ ತೆಗೆಯುತ್ತಾನೆ. ಎಲ್ಲಾದರೂ ಟಕ್ ಎಂದು ಪಿನ್ ಬಿತ್ತೋ, ತಿರುಪು ಮತ್ತೆ ಬಿಗಿ, ಪರೀಕ್ಷೆ ಮತ್ತೆ ಮೊದಲಿನಿಂದ.